ಮೂರು ಊರಿನ ಮಾತು, ಒಂದೇ ಬಾಯಿ

ಪ್ರೀತಿಯ ದೋಸ್ತ,

ನಾನು ಕಳಿಸಿದ ಆಡಿಯೋ ಕೇಳಿ "ಲೇ, ಒಂದು ನಿಮಿಷದಾಗೆ ಮೂರು ಊರಿನ ಮಾತಾಡ್ತೀಯಲ್ಲಲೇ" ಅಂತ ನಕ್ಕೆಯಲ್ಲ, ಆಮೇಲೆ ನಾನೂ ಅದನ್ನ ಹಾಕಿಕೊಂಡು ಕೇಳಿದೆ. ಮೊದಲಿಗೆ ದನಿಯೇ ನನ್ನದು ಅನಿಸಲಿಲ್ಲ. ಅದು ಎಲ್ಲರಿಗೂ ಹಂಗೇ ಬಿಡು. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಯಿಂದಲೂ ನಮ್ಮ ಕಿವಿಗೆ ಬರುತ್ತೆ, ಅದಕ್ಕೇ ದಪ್ಪಗೆ ಕೇಳಿಸುತ್ತೆ. ಫೋನಿನಲ್ಲಿ ಆ ದಪ್ಪ ಇರಲ್ಲ. ಆದರೆ ಧಾಟಿ? "ಐತೆ" ಅಂತ ಶುರು ಮಾಡಿ, ನಡುವೆ "ಐತಿ" ಅಂದು, ಕೊನೆಗೆ ನಿನ್ನ ಬೆಂಗಳೂರಿನ "ಇದೆ"ಗೆ ಬಂದು ನಿಂತೀನಿ.

ಇದೆಲ್ಲ ಗಿರಾಕಿಗಳ ಕೈವಾಡ. ಆಸ್ಪತ್ರೆ ಎದುರಿನ ಔಷಧಿ ಅಂಗಡಿ ಅಂದ್ರೆ ಗೊತ್ತಲ್ಲ. ದಾವಣಗೆರೆಗೆ ತೋರಿಸೋಕೆ ಜಗಳೂರಿನೋರು, ಚನ್ನಗಿರಿಯೋರು, ಹೊಳೆ ದಾಟಿ ರಾಣೆಬೆನ್ನೂರಿನೋರು, ಹರಪನಹಳ್ಳಿಯೋರು, ಎಲ್ಲಾ ಬರ್ತಾರೆ. ಹಿಂದೆ ನಾವು ಮೈಸೂರು ಸೀಮೆ. ಹರಪನಹಳ್ಳಿ 1953ರ ತನಕ ಮದ್ರಾಸಿನ ಪಾಲು, ರಾಣೆಬೆನ್ನೂರು 1956ರ ತನಕ ಮುಂಬೈ ಪಾಲು. ಮೂರು ಸರ್ಕಾರದ ಗಡಿಗಳು ನಮ್ಮೂರಿಂದ ಗಂಟೆ ಹೊತ್ತಿನ ಬಸ್ ದಾರಿಯೊಳಗೇ ಇದ್ದವು. ಆ ಸರ್ಕಾರಗಳು ಹೋದವು. ಅವರವರ ಮಾತು ಮಾತ್ರ ಡಾಕ್ಟರ ಚೀಟಿ ಹಿಡಕೊಂಡು ದಿನಾ ನನ್ನ ಕೌಂಟರಿಗೆ ಬರುತ್ತೆ.

ಚೀಟಿಯಲ್ಲಿ 1-0-1 ಅಂತ ಇರುತ್ತೆ. ಅಂಗಡಿಯ ಹೊಸ ಹುಡುಗ "ಡೈಲಿ ಟು ಟೈಮ್ಸ್, ಆಫ್ಟರ್ ಫುಡ್" ಅಂದು ಕವರ್ ಕೊಟ್ಟುಬಿಡ್ತಾನೆ. ಅಜ್ಜಿ ತಲೆ ಆಡಿಸ್ತಾಳೆ. ಆ ತಲೆ ಆಡಿಸೋದನ್ನ ಮಾತ್ರ ನಂಬಬಾರದು ನೋಡು. ನಾನು ವಾಪಸ್ ಕರೀತೀನಿ. "ಬೆಳಿಗ್ಗೆ ಉಂಡು ಒಂದು, ರಾತ್ರಿ ಉಂಡು ಒಂದು. ಮಧ್ಯಾಹ್ನ ಬ್ಯಾಡ. ಈಗ ನೀವು ಹೇಳ್ರಿ ಅಜ್ಜಿ, ಯಾವಾಗ ತಗಂತೀರಿ?" ಅವಳ ಬಾಯಿಂದ ಅದು ವಾಪಸ್ ಬಂದ ಮೇಲೇ ದುಡ್ಡು ಇಸ್ಕೊಳ್ಳೋದು. ಓದು ಬಾರದವರಿಗೆ ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸೂರ್ಯ, ಚಂದ್ರ ಬರೆದು ಕೊಡ್ತೀನಿ. ಚಂದ್ರನ್ನ ನೋಡಿ ಒಬ್ಬಾಕೆ, "ಬಾಳೆಹಣ್ಣು ತಿಂದು ನುಂಗಬೇಕೇನ್ರಿ?" ಅಂತ ಕೇಳಿದ್ದೂ ಐತೆ.

ಈ ಧಾಟಿ ಮನೆ ತನಕ ಬಂದಿದೆ. ತರಕಾರಿ ತರೋ ವಿಷಯವನ್ನೂ ಎರಡೆರಡು ಸಲ ಹೇಳಿ, "ಈಗ ನೀನು ಹೇಳು" ಅಂತೀನಂತೆ. ನಮ್ಮ ಮನೆಯವಳು ಸುಮ್ನಿರ್ತಾಳಾ? "ಉಂಡ ಮೇಲೋ, ಉಣ್ಣೋಕಿಂತ ಮುಂಚೆಯೋ?" ಅಂತಾಳೆ.

ಎದುರಿಗಿರೋರ ಧಾಟಿ ನನ್ನ ಬಾಯಿಗೆ ತಾನಾಗೇ ಬರುತ್ತೆ. ಬೇಕಂತ ಮಾಡಿದ್ರೆ ಅಣಕ ಆಗುತ್ತೆ, ಜನಕ್ಕೆ ಅದು ತಕ್ಷಣ ಗೊತ್ತಾಗುತ್ತೆ. ತಾನಾಗೇ ಬಂದರೂ ಅನುಮಾನ ತಪ್ಪಿದ್ದಲ್ಲ. ಹರಪನಹಳ್ಳಿ ಕಡೆಯ ಅಜ್ಜ ಒಬ್ಬ, "ಯಾವೂರಪಾ ನಿಂದು? ನಮ್ಮ ಕಡ್ಯಾವನೇನು?" ಅಂದ. "ಅಲ್ರಿ ಅಜ್ಜ, ಇಲ್ಲೇ ನಿಟುವಳ್ಳಿ" ಅಂದೆ. "ಮತ್ತ ನಮ್ಮಂಗ ಮಾತಾಡ್ತೀ?" ಅಂದವನೇ ಚಿಲ್ಲರೆಯನ್ನ ಇನ್ನೊಂದು ಸಲ ಎಣಿಸಿಕೊಂಡ. ನಗು ಬಂತು, ಸ್ವಲ್ಪ ಚುರ್ರೂ ಅಂತು. ನಯವಾಗಿ ಮಾತಾಡೋ ವ್ಯಾಪಾರಸ್ಥನ್ನ ಕಂಡು ಅವನಿಗೆ ಏನೇನು ಅನುಭವ ಆಗಿತ್ತೋ.

ನನಗೆ ನನ್ನ ಮಾತಿನಲ್ಲಿ ಹಿಡಿಸದೇ ಇರೋದು ಇದಲ್ಲ. ಚೀಟಿಯ ಅಕ್ಷರ ಅರ್ಥವಾಗದೆ ಡಾಕ್ಟರಿಗೆ ಫೋನ್ ಮಾಡ್ತೀನಲ್ಲ, ಆಗ ದನಿ ಇಷ್ಟೇ ಇಷ್ಟು ಆಗುತ್ತೆ. ಎರಡು ಮಾತಿಗೆ ನಾಲ್ಕು "ಸರ್". ಅಜ್ಜಿಯನ್ನ ಕೇಳೋ ಗಟ್ಟಿತನ ಅಲ್ಲಿ ಇರಲ್ಲ. ಯೋಚನೆ ಮಾಡಿದ್ರೆ ಅಲ್ಲೇ ಅದು ಜಾಸ್ತಿ ಬೇಕಾಗಿರೋದು, ಒಂದು ಅಕ್ಷರ ಅತ್ತಿತ್ತ ಆದರೆ ಔಷಧಿಯೇ ಬೇರೆ. ಈಗೀಗ "ಸರ್, ನಾನು ಹೇಳ್ತೀನಿ, ಸರಿನಾ ನೋಡ್ರಿ" ಅಂತ ಹೆಸರು, ಡೋಸು ಎರಡನ್ನೂ ಅವರಿಗೇ ಒಪ್ಪಿಸ್ತೀನಿ. ಸಿಡುಕ್ತಾರೆ. ಸಿಡುಕಲಿ.

ನಿನ್ನ ಕಥೆ ಬರಿ. ಅಮ್ಮನ ಫೋನ್ ಬಂದ್ರೆ ಆಫೀಸಿನಲ್ಲಿ ಸೀಟು ಬಿಟ್ಟು ಹೊರಗೆ ಹೋಗಿ ಮಾತಾಡ್ತೀಯಂತೆ, ಅಮ್ಮನೇ ಹೇಳಿದ್ರು. ಅದು ನೆಟ್‌ವರ್ಕ್ ಸಿಗಲ್ಲ ಅಂತಲೋ, ಇಲ್ಲಾ ಅಲ್ಲಿ ಯಾರಿಗೂ ನಿನ್ನ "ಏನವ್ವಾ" ಕೇಳಬಾರದು ಅಂತಲೋ?

ನಿನ್ನ
ನಿಟುವಳ್ಳಿ ದೋಸ್ತ