ಅಂಕಿಅಂಶದ ಡ್ಯಾಶ್‌ಬೋರ್ಡಿಗಿಂತ ಮೊದಲು ‘ಮಾರಾಟ’ ಎಂದರೇನೆಂದು ತೀರ್ಮಾನವಾಗಲಿ

ಮಾನ್ಯ ಸಂಪಾದಕರೇ,

ದತ್ತಾಂಶ ವಿಶ್ಲೇಷಕರಿಗೆ (ಡೇಟಾ ಅನಲಿಸ್ಟ್) ಇರುವ ಬೇಡಿಕೆ, ಅವರಿಗೆ ಸಿಗುವ ಸಂಬಳ, ಕೆಲವೇ ತಿಂಗಳಲ್ಲಿ ಆ ವಿದ್ಯೆಯನ್ನು ಕಲಿಸುತ್ತೇವೆನ್ನುವ ಕೋರ್ಸುಗಳು, ಇವುಗಳ ಕುರಿತು ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ ಆಗಾಗ ಲೇಖನಗಳು ಬರುತ್ತಿವೆ. ಕೆಲಸ ಹುಡುಕುವವರಿಗೆ ಅವು ಉಪಯುಕ್ತವೇ. ಆದರೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿ, ಅದರಲ್ಲೂ ಹುಬ್ಬಳ್ಳಿ, ಬೆಳಗಾವಿ, ತುಮಕೂರು, ಮೈಸೂರಿನಂಥ ಊರುಗಳಲ್ಲಿ ಒಂದು ಗೋದಾಮಿನಿಂದ ಹತ್ತು ಗೋದಾಮಿಗೆ ಬೆಳೆಯುತ್ತಿರುವ ಮಧ್ಯಮ ಗಾತ್ರದ ಕಂಪನಿ, ಇಂಥ ತಂಡವನ್ನು ಹೇಗೆ ಕಟ್ಟಬೇಕು, ಯಾರ ಕೈಕೆಳಗೆ ಇಡಬೇಕು, ಅದರಿಂದ ಏನನ್ನು ಕೇಳಬೇಕು ಎಂಬ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ಬಹಳ ಕಡಿಮೆ. ಪೊಟ್ಟಣದ ತಿಂಡಿ ಮತ್ತು ಮಸಾಲೆ ಪುಡಿಗಳನ್ನು ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳಿಗೆ ಮುಟ್ಟಿಸುವ ಕಂಪನಿಯೊಂದರಲ್ಲಿ ಅಂಥ ತಂಡವನ್ನು ಕೆಲವು ವರ್ಷ ನಡೆಸಿದವನಾಗಿ, ನನ್ನ ತಪ್ಪುಗಳನ್ನೂ ಸೇರಿಸಿಕೊಂಡು, ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ತಪ್ಪು ಆದದ್ದು ಮೊದಲ ನೇಮಕದಲ್ಲಿಯೇ. ಮಷಿನ್ ಲರ್ನಿಂಗ್‌ನಲ್ಲಿ (ಹಳೆಯ ದತ್ತಾಂಶದಿಂದ ಕಂಪ್ಯೂಟರಿಗೆ ಅಂದಾಜು ಮಾಡಲು ಕಲಿಸುವ ವಿದ್ಯೆ) ಸ್ನಾತಕೋತ್ತರ ಪದವಿ ಪಡೆದಿದ್ದ, ನಿಜಕ್ಕೂ ಬುದ್ಧಿವಂತನಾದ ಯುವಕನೊಬ್ಬನನ್ನು ಕರೆತಂದು, ಮುಂದಿನ ತಿಂಗಳು ಯಾವ ಡಿಪೊಗೆ ಯಾವ ಸರಕು ಎಷ್ಟು ಬೇಕಾಗುತ್ತದೆಂದು ಅಂದಾಜು ಮಾಡುವ ಕೆಲಸ ಕೊಟ್ಟೆವು. ಆತ ನಾಲ್ಕು ತಿಂಗಳು ದುಡಿದು ಸಿದ್ಧಪಡಿಸಿದ ಲೆಕ್ಕದ ಮಾದರಿಯು ಪ್ರತಿ ತಿಂಗಳ ಕೊನೆಯ ಮೂರ‍್ನಾಲ್ಕು ದಿನಗಳಲ್ಲಿ ಬೇಡಿಕೆ ಗಗನಕ್ಕೇರುತ್ತದೆ ಎಂದು ಹೇಳಿತು. ಸಂಬಳ ಬರುವುದು ತಿಂಗಳ ಆರಂಭದಲ್ಲಿ. ಜೇಬು ಬರಿದಾದ ಹೊತ್ತಿನಲ್ಲಿ ಜನ ಹೆಚ್ಚು ಚುಡುವಾ ತಿನ್ನುವುದು ಏಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಡಿಪೊದ ಗುಮಾಸ್ತರೊಬ್ಬರಿಂದ. “ಇಪ್ಪತ್ತೇಳು ತಾರೀಖು ಆದಮ್ಯಾಲ ಹೋದ ಮಾಲು ಅರ್ಧ ತಿರುಗಿ ಬರೂದ್ರೀ ಸರ” ಎಂದು ಅವರು ಚಹಾ ಕುಡಿಯುತ್ತ ಸಹಜವಾಗಿ ಹೇಳಿಬಿಟ್ಟರು. ಮಾರಾಟ ಪ್ರತಿನಿಧಿಗಳ ಇನ್ಸೆಂಟಿವ್ ನಿಂತಿದ್ದುದು ವಿತರಕರ ಹೆಸರಿಗೆ ಹರಿದ ಬಿಲ್ಲಿನ ಮೇಲೆ. ಟಾರ್ಗೆಟ್ ಮುಟ್ಟಿಸಲೆಂದು ತಿಂಗಳ ಕೊನೆಗೆ ವಿತರಕರ ಗೋದಾಮಿಗೆ ಸರಕು ತುಂಬುವುದು, ಮುಂದಿನ ತಿಂಗಳ ಮೊದಲ ವಾರದಲ್ಲಿ ಅದನ್ನು ವಾಪಸು ಪಡೆಯುವುದು ಎಲ್ಲರಿಗೂ ಗೊತ್ತಿದ್ದ, ಯಾರೂ ಬರೆದಿಡದ ಪದ್ಧತಿಯಾಗಿತ್ತು. ಒಂದು ಅಳತೆಯನ್ನೇ ಗುರಿಯಾಗಿಸಿ ಜನರನ್ನು ಅದಕ್ಕೆ ಕಟ್ಟಿಹಾಕಿದರೆ ಆ ಅಳತೆ ತನ್ನ ಅರ್ಥ ಕಳೆದುಕೊಳ್ಳುತ್ತದೆ ಎಂಬರ್ಥದ ಮಾತಿಗೆ ಮೂಲವಾದ ಸಂಗತಿಯನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯನ್ನು ಕುರಿತು ಹೇಳುವಾಗ ಗುರುತಿಸಿದ್ದರು. ನಮ್ಮ ಡಿಪೊ ಗುಮಾಸ್ತರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ನಿಯಮ ಚೆನ್ನಾಗಿಯೇ ಗೊತ್ತಿತ್ತು. ಯುವಕನ ಗಣಿತದಲ್ಲಿ ದೋಷವಿರಲಿಲ್ಲ. ಅವನನ್ನು ನಾಲ್ಕು ತಿಂಗಳು ತಂಪು ಕೋಣೆಯಲ್ಲಿ ಕೂರಿಸಿ, ಒಂದು ದಿನವೂ ಡಿಪೊಗೆ ಕಳುಹಿಸದಿದ್ದ ನನ್ನದು ದೋಷ.

ಇದಾದ ಮೇಲೆ ಎರಡನೆಯ ಸಂಗತಿ ಹೊರಬಿತ್ತು. ಒಂದೇ ಸಭೆಯಲ್ಲಿ ಒಂದೇ ತಿಂಗಳ ‘ಮಾರಾಟ’ಕ್ಕೆ ಮೂರು ಅಂಕಿಗಳು ಬರುತ್ತಿದ್ದವು. ಮಾರಾಟ ವಿಭಾಗದವರು ಕಂಪನಿಯಿಂದ ವಿತರಕರಿಗೆ ಹೋದ ಬಿಲ್ಲನ್ನು ಎಣಿಸುತ್ತಿದ್ದರು. ಲೆಕ್ಕಪತ್ರ ವಿಭಾಗದವರು ವಾಪಸು ಬಂದ ಮಾಲು, ಸ್ಕೀಮಿನ ರಿಯಾಯಿತಿ ಮತ್ತು ಜಿಎಸ್‌ಟಿಯನ್ನು ಕಳೆದು ಉಳಿದದ್ದನ್ನು ಹೇಳುತ್ತಿದ್ದರು. ಬೀಟ್ (ಗೊತ್ತುಪಡಿಸಿದ ಅಂಗಡಿಗಳ ಸರದಿ) ಸುತ್ತಿ ಆರ್ಡರ್ ಪಡೆಯುವ ಹುಡುಗರ ಮೊಬೈಲ್ ಆ್ಯಪ್‌ನಲ್ಲಿ ಇದ್ದದ್ದು ವಿತರಕರಿಂದ ಅಂಗಡಿಗೆ ಇಳಿದ ಸರಕು. ಮಾಲೀಕರು ‘ಇವುಗಳಲ್ಲಿ ಯಾವುದು ಸರಿ’ ಎಂದು ಕೇಳಿದಾಗ ನಾವೆಲ್ಲ ನಮ್ಮ ನಮ್ಮ ಅಂಕಿಯನ್ನು ಸಮರ್ಥಿಸಿಕೊಳ್ಳಲು ಹೊರಟೆವು. ಮೂರೂ ಸರಿಯಾಗಿದ್ದವು. ಎಷ್ಟು ತಯಾರಿಸಬೇಕೆಂದು ತೀರ್ಮಾನಿಸಲು ಅಂಗಡಿಗೆ ಇಳಿದ ಸರಕು ಬೇಕು, ಕೈಗೆ ಎಷ್ಟು ಹಣ ಬರಬಹುದೆಂದು ತಿಳಿಯಲು ಲೆಕ್ಕಪತ್ರದ ಅಂಕಿ ಬೇಕು, ವಿತರಕರ ಬಳಿ ಎಷ್ಟು ಸರಕು ಕೊಳೆಯುತ್ತಿದೆಯೆಂದು ನೋಡಲು ಮೊದಲನೆಯದರಿಂದ ವಾಪಸು ಬಂದ ಮಾಲನ್ನೂ ಮೂರನೆಯದನ್ನೂ ಕಳೆಯಬೇಕು. ಅಲ್ಲಿಂದ ಮುಂದೆ ಕೆಲವು ವಾರ ನಾವು ಮಾಡಿದ್ದು ಒಂದು ಪುಸ್ತಕ ಬರೆಯುವ ಕೆಲಸ: ಪ್ರತಿಯೊಂದು ಅಂಕಿಯ ಹೆಸರು, ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ, ಅದು ಎಲ್ಲಿಂದ ಬರುತ್ತದೆ, ಅದಕ್ಕೆ ಜವಾಬುದಾರರು ಯಾರು, ಲೆಕ್ಕ ಮಾಡುವ ಕ್ರಮ ಯಾವ ತಾರೀಖಿನಿಂದ ಬದಲಾಯಿತು. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ನಮ್ಮ ತಂಡ ಮಾಡಿದ್ದರಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಆ ಪುಸ್ತಕವೇ.

ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಕಂಪನಿಗೆ ಇನ್ನೂ ಒಂದು ತೊಡಕಿದೆ, ಅದನ್ನು ಹೊರಗಿನ ಸಾಫ್ಟ್‌ವೇರ್ ಮಾರುವವರು ಎಂದೂ ಹೇಳುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ನಮ್ಮ ಕಡತಗಳಲ್ಲಿ ಬೆಲ್ಗಾಮ್ ಮತ್ತು ಬೆಳಗಾವಿ, ಗುಲ್ಬರ್ಗಾ ಮತ್ತು ಕಲಬುರಗಿ ಬೇರೆ ಬೇರೆ ಊರುಗಳಾಗಿ ವರ್ಷಗಟ್ಟಲೆ ಬದುಕಿದವು. ಬಿಜಾಪುರವು ವಿಜಯಪುರವಾದ ಮೇಲೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಟ್ಟಣದ ಅಂಗಡಿಗಳೂ ಅದೇ ಖಾತೆಗೆ ಬಂದು ಸೇರಿದವು. 2021ರಲ್ಲಿ ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ, ಜಿಲ್ಲಾವಾರು ವರದಿಯಲ್ಲಿ ಬಳ್ಳಾರಿಯ ಮಾರಾಟ ಒಮ್ಮೆಲೇ ಕುಸಿದಂತೆ ಕಂಡು, ಅಲ್ಲಿನ ಮಾರಾಟ ಅಧಿಕಾರಿಗೆ ಕಾರಣ ಕೇಳುವ ಪತ್ರ ಹೋಗುವುದರಲ್ಲಿತ್ತು; ಹೊಸಪೇಟೆಯ ಅಂಗಡಿಗಳು ಪಕ್ಕದ ಸಾಲಿಗೆ ಹೋಗಿದ್ದವು, ಅಷ್ಟೇ. ಅಂಗಡಿಗಳ ಹೆಸರಿನ ಪಾಡಂತೂ ಹೇಳುವುದೇ ಬೇಡ. ಕನ್ನಡದ ಬಸವೇಶ್ವರ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬ ಹುಡುಗನೂ ತನ್ನಿಷ್ಟದಂತೆ ಬರೆಯುತ್ತಿದ್ದುದರಿಂದ ಒಂದೇ ಕಿರಾಣಿ ಅಂಗಡಿ ನಾಲ್ಕೈದು ಗ್ರಾಹಕರಾಗಿ ಎಣಿಕೆಯಾಗುತ್ತಿತ್ತು, ಮತ್ತು ನಾವು ‘ಹೊಸ ಅಂಗಡಿಗಳು ಹೆಚ್ಚುತ್ತಿವೆ’ ಎಂದು ಹಿಗ್ಗುತ್ತಿದ್ದೆವು. ಅಂಗಡಿಗೊಂದು ಸ್ಥಿರ ಸಂಖ್ಯೆ ಕೊಟ್ಟು, ಕನ್ನಡದಲ್ಲಿಯೇ ಹೆಸರು ಬರೆಯಲು ಆ್ಯಪ್‌ನಲ್ಲಿ ಅವಕಾಶ ಮಾಡಿದ ಮೇಲೆ ಈ ಗೋಜಲು ಬಹುಮಟ್ಟಿಗೆ ಕಡಿಮೆಯಾಯಿತು.

ಹೀಗಾಗಿ, ತಂಡಕ್ಕೆ ಮೊದಲು ಯಾರನ್ನು ತೆಗೆದುಕೊಳ್ಳಬೇಕೆಂದು ಯಾರಾದರೂ ಕೇಳಿದರೆ, ದತ್ತಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸೋರದಂತೆ ತರಬಲ್ಲವರನ್ನು ಎಂದು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2020ರ ಶರತ್ಕಾಲದಲ್ಲಿ ಕೋವಿಡ್ ದೃಢಪಟ್ಟ 15,841 ಪ್ರಕರಣಗಳು ದಿನನಿತ್ಯದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕಡತಕ್ಕೆ ತುಂಬುತ್ತಿದ್ದುದು, ಆ ಕಡತದಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಸದಿದ್ದುದು ಅದಕ್ಕೆ ಕಾರಣ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅದರಿಂದ ದಿನಗಟ್ಟಲೆ ತಡವಾಯಿತು. ಒಂದು ದೇಶದ ಆರೋಗ್ಯ ವ್ಯವಸ್ಥೆಗೇ ಹೀಗಾಗುವುದಾದರೆ, ಪ್ರತಿ ಡಿಪೊದವರೂ ಸಂಜೆ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಿಂದ ತೆಗೆದು ಇಮೇಲ್ ಮಾಡುವ ಶೀಟುಗಳನ್ನು ಕೈಯಿಂದ ಅಂಟಿಸುತ್ತ ಕೂತಿದ್ದ ನಮ್ಮ ಗತಿ ಊಹಿಸಬಹುದು. ಎರಡನೆಯ ವ್ಯಕ್ತಿಯನ್ನು ಕಂಪನಿಯ ಒಳಗಿನಿಂದಲೇ ಆರಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಬಿಲ್ಲಿಂಗ್ ಟೇಬಲ್ಲಿನಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದ್ದ ಬಿ.ಕಾಂ. ಪದವೀಧರೆಯೊಬ್ಬರಿಗೆ ಎಸ್‌ಕ್ಯೂಎಲ್ (ದತ್ತಾಂಶ ಸಂಗ್ರಹದಿಂದ ಬೇಕಾದ ಅಂಕಿ ತೆಗೆಯುವ ಕಂಪ್ಯೂಟರ್ ಭಾಷೆ) ಕಲಿಸಲು ನಮಗೆ ಹಿಡಿದದ್ದು ಕೆಲವೇ ತಿಂಗಳು. ಯಾವ ವಿತರಕರು ಹಬ್ಬದ ಮುಂಚೆ ಏಕೆ ಹೆಚ್ಚು ಎತ್ತುತ್ತಾರೆ, ಯಾವ ಕ್ರೆಡಿಟ್ ನೋಟು (ವಾಪಸಾದ ಮಾಲಿಗೆ ಹಣ ಜಮಾ ಮಾಡುವ ಚೀಟಿ) ಸಂಶಯಾಸ್ಪದ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು, ಅದನ್ನು ಹೊರಗಿನಿಂದ ಬಂದವರಿಗೆ ಕಲಿಸುವ ಕೋರ್ಸು ಎಲ್ಲಿಯೂ ಇಲ್ಲ.

ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಅವರನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾರೆ. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಆರಂಭಕ್ಕೆ ಕಾರಣರಾದ ಅವರು ಬಂಗಾಳದಲ್ಲಿ ಸೆಣಬಿನ ಬೆಳೆಯ ವಿಸ್ತೀರ್ಣ ಅಂದಾಜು ಮಾಡುವ ಕಾಲದಿಂದಲೂ ಗಣಿತದಷ್ಟೇ ಗಮನವನ್ನು ಗದ್ದೆಯಲ್ಲಿ ನಿಂತು ಬರೆದುಕೊಳ್ಳುವವರ ಕಡೆಗೂ ಕೊಟ್ಟರು. ಸಮೀಕ್ಷೆಗೆ ಆರಿಸಿಕೊಂಡ ಮಾದರಿಯನ್ನು (ಸ್ಯಾಂಪಲ್) ಎರಡು ಅಥವಾ ಹೆಚ್ಚು ಭಾಗ ಮಾಡಿ, ಒಂದೇ ಪ್ರದೇಶಕ್ಕೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬೇರೆ ಬೇರೆ ಗುಂಪುಗಳನ್ನು ಕಳುಹಿಸಿ, ಅವುಗಳ ಫಲಿತಾಂಶಗಳ ನಡುವಿನ ಅಂತರದಿಂದ ಬರೆದುಕೊಳ್ಳುವಾಗ ಆಗುವ ದೋಷವನ್ನು ಅಳೆಯುವುದು ಅವರ ಉಪಾಯ. ಅದರ ಬಡ ಅನುಕರಣೆಯೊಂದನ್ನು ನಾವೂ ಮಾಡಿದೆವು. ಗದಗದ ಒಂದು ಬೀಟಿನ ಕೆಲವು ಅಂಗಡಿಗಳಿಗೆ ವಾರದೊಳಗೆ ಇಬ್ಬರನ್ನು ಬೇರೆ ಬೇರೆಯಾಗಿ ಕಳುಹಿಸಿ ಕಪಾಟಿನ ದಾಸ್ತಾನು ಎಣಿಸಲು ಹೇಳಿದಾಗ, ಆ್ಯಪ್‌ನಲ್ಲಿ ‘ಅಂಗಡಿ ಮುಚ್ಚಿತ್ತು’ ಎಂದು ದಾಖಲಾಗುತ್ತಿದ್ದ ಹಲವು ಅಂಗಡಿಗಳು ಹಾಡಹಗಲೇ ತೆರೆದಿದ್ದವು ಎಂದು ತಿಳಿಯಿತು. ಆರ್ಡರ್ ಸಿಗದಿದ್ದರೆ ಕಾರಣ ಬರೆಯದೆ ಆ್ಯಪ್ ಮುಂದಕ್ಕೆ ಹೋಗುತ್ತಿರಲಿಲ್ಲ, ಮತ್ತು ಪಟ್ಟಿಯಲ್ಲಿ ಮೊದಲಿಗಿದ್ದ ಕಾರಣ ಅದೇ ಆಗಿತ್ತು. ಬಿಸಿಲಲ್ಲಿ ಬೈಕಿನ ಮೇಲೆ ಕೂತ ಹುಡುಗ ಮೊದಲನೆಯದನ್ನು ಒತ್ತದೆ ಇನ್ನೇನು ಮಾಡಿಯಾನು?

ತಂಡ ಯಾರಿಗೆ ವರದಿ ಮಾಡಬೇಕೆಂಬುದು ಅದರ ಗಾತ್ರಕ್ಕಿಂತ ಮುಖ್ಯವಾದ ಪ್ರಶ್ನೆ. ಆರಂಭದಲ್ಲಿ ನಾವು ಮಾರಾಟ ಮುಖ್ಯಸ್ಥರ ಕೈಕೆಳಗಿದ್ದೆವು. ಯಾರೂ ಸುಳ್ಳು ಹೇಳಿಸಲಿಲ್ಲ. ಆದರೆ ಅಹಿತವಾದ ಅಂಕಿ ‘ಇನ್ನೊಮ್ಮೆ ಪರಿಶೀಲಿಸಿ’ ಎಂದು ಹಿಂದಕ್ಕೆ ಬರುತ್ತಿತ್ತು, ಹಿತವಾದದ್ದು ಒಂದೇ ನೋಟಕ್ಕೆ ಮೇಲೆ ಹೋಗುತ್ತಿತ್ತು. ವ್ಯವಸ್ಥಾಪಕ ನಿರ್ದೇಶಕರಿಗೆ ನೇರವಾಗಿ ವರದಿ ಮಾಡುವಂತಾದ ಮೇಲೆ ಈ ತೊಂದರೆ ತಪ್ಪಿತು. ಕೂರುವ ಜಾಗ ಮಾತ್ರ ಆಯಾ ವಿಭಾಗಗಳಲ್ಲಿಯೇ ಇರಲೆಂದು ಬಿಟ್ಟೆ, ಏಕೆಂದರೆ ಖರೀದಿ ವಿಭಾಗದವರ ಜೊತೆ ಊಟ ಮಾಡುವ ವಿಶ್ಲೇಷಕರಿಗೆ ತಿಳಿಯುವ ಸಂಗತಿಗಳು ಇಮೇಲಿನಲ್ಲಿ ಬರುವುದಿಲ್ಲ. ಗುರುವಾರ ಮಧ್ಯಾಹ್ನ ಮಾತ್ರ ಎಲ್ಲರೂ ಒಟ್ಟಾಗಿ ಕೂತು, ಹೊರಗೆ ಹೋಗಲಿರುವ ಪ್ರತಿಯೊಂದು ಲೆಕ್ಕವನ್ನೂ ಅದನ್ನು ಮಾಡಿದವರಲ್ಲದ ಇನ್ನೊಬ್ಬರು ಓದಬೇಕೆಂಬ ನಿಯಮ ಇಟ್ಟುಕೊಂಡಿದ್ದೆವು.

ವರದಿಗಳ ಬೇಡಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಈ ಅಂಕಿ ಬಂದರೆ ನಿಮ್ಮ ಯಾವ ತೀರ್ಮಾನ ಬದಲಾಗುತ್ತದೆ’ ಎಂದು ಕೇಳುವ ಧೈರ್ಯ ಮಾಡಿದ ದಿನದಿಂದ ಅವು ಕಡಿಮೆಯಾದವು. ಒಂದು ತಿಂಗಳು ಹೇಳದೆ ಕೇಳದೆ ಕೆಲವು ದೈನಂದಿನ ವರದಿಗಳನ್ನು ಕಳುಹಿಸುವುದನ್ನೇ ನಿಲ್ಲಿಸಿ ನೋಡಿದೆವು; ಹೆಚ್ಚಿನವನ್ನು ಯಾರೂ ಕೇಳಲಿಲ್ಲ.

ಹೇಳಲು ಹಿಂಜರಿಕೆಯಾಗುವ ಸಂಗತಿಯೊಂದು ಉಳಿದಿದೆ. ಮಾಲೀಕರು ತಾವೇ ಮುತುವರ್ಜಿ ವಹಿಸಿ ಮಾರುಕಟ್ಟೆಗೆ ತಂದ ಹೊಸ ತಿನಿಸೊಂದನ್ನು ಒಮ್ಮೆ ಕೊಂಡ ಅಂಗಡಿಗಳು ಮತ್ತೆ ಕೊಳ್ಳುತ್ತಿಲ್ಲವೆಂದು, ನಾನು ಮೇಲೆ ಹೇಳಿದ ಆ ಬಿಲ್ಲಿಂಗ್ ಟೇಬಲ್ಲಿನ ಸಹೋದ್ಯೋಗಿಯೇ ಕಂಡುಹಿಡಿದರು. ಲೆಕ್ಕವನ್ನು ನಾನು ಎರಡು ಸಲ ನೋಡಿದ್ದೆ, ಸರಿಯಾಗಿತ್ತು. ಸಭೆಯಲ್ಲಿ ಅವರು ಅದನ್ನು ಮುಂದಿಟ್ಟಾಗ ಮಾರಾಟ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರಂತೆ ಅವರ ಮೇಲೆ ಬಿದ್ದರು, ‘ಕಂಪ್ಯೂಟರ್ ಮುಂದೆ ಕೂತವರಿಗೆ ಮಾರ್ಕೆಟ್ ಏನು ಗೊತ್ತು’ ಎಂಬ ಮಾತೂ ಬಂತು. ಅವರಿಗೆ ಗೊತ್ತಿದ್ದಷ್ಟು ಮಾರ್ಕೆಟ್ ಆ ಕೋಣೆಯಲ್ಲಿ ಕೆಲವರಿಗಷ್ಟೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಮಾಲೀಕರ ಮುಖ ನೋಡುತ್ತ ಕೂತೆ. ಅಂದಿನಿಂದ ಆ ಸಹೋದ್ಯೋಗಿ ಕೇಳಿದ್ದಷ್ಟನ್ನೇ ಕೊಡಲಾರಂಭಿಸಿದರು, ಅರ್ಧ ವರ್ಷದಲ್ಲಿ ಬೇರೆ ಕಂಪನಿ ಸೇರಿದರು. ತಿನಿಸೂ ಕೆಲವು ತಿಂಗಳಲ್ಲಿ ನಿಂತುಹೋಯಿತು. ಆ ಘಟನೆಯ ನಂತರ, ಅಹಿತವಾದ ಅಂಕಿಯಿದ್ದರೆ ಅದನ್ನು ಸಭೆಯಲ್ಲಿ ಮುಖ್ಯಸ್ಥನಾದ ನಾನೇ ಹೇಳುವುದು, ಹಿತವಾದದ್ದನ್ನು ಮಾಡಿದವರ ಬಾಯಿಂದಲೇ ಹೇಳಿಸುವುದು ಎಂದು ಗೊತ್ತುಮಾಡಿಕೊಂಡೆ. ನಮ್ಮ ಲೆಕ್ಕವೇ ತಪ್ಪಿದಾಗ, ಏನು ತಪ್ಪಿತು, ಯಾವ ವರದಿಗಳಿಗೆ ತಗುಲಿತು ಎಂದು ಎಲ್ಲ ವಿಭಾಗಗಳಿಗೂ ನಾವೇ ಬರೆದು ಕಳುಹಿಸುವ ರೂಢಿಯನ್ನೂ ಆಗಲೇ ಆರಂಭಿಸಿದ್ದು. ನಮ್ಮ ಮಾತಿಗೆ ಬೆಲೆ ಬಂದದ್ದು ಆ ತಪ್ಪೊಪ್ಪಿಗೆಯ ಪತ್ರಗಳಿಂದ ಎಂದು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಒಮ್ಮೆ ಹೇಳಿದ್ದುಂಟು.

ಅಂಗಡಿಯವರ ಹೆಸರು, ಮೊಬೈಲ್ ಸಂಖ್ಯೆಗಳಿರುವ ಶೀಟುಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಬಿಡುವ ಕಂಪನಿಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಅದರಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಇನ್ನು, ಪ್ರಶ್ನೆಯನ್ನು ಮಾತಿನಲ್ಲಿ ಕೇಳಿದರೆ ಕ್ಷಣದಲ್ಲಿ ಉತ್ತರ ಕೊಡುವ ಎಐ ಸಾಧನಗಳು ಬಂದಿರುವಾಗ ತಂಡವೇ ಏಕೆ ಎಂದು ಕೆಲವು ಮಾಲೀಕರು ಕೇಳತೊಡಗಿದ್ದಾರೆ. ‘ಕಳೆದ ತಿಂಗಳ ಮಾರಾಟ ಎಷ್ಟು’ ಎಂದು ಆ ಸಾಧನವನ್ನು ಕೇಳಿದರೆ ಅದು ಮೂರು ಅಂಕಿಗಳಲ್ಲಿ ಒಂದನ್ನು ಆರಿಸಿ ಹೇಳುತ್ತದೆ, ಯಾವುದನ್ನು ಆರಿಸಿದೆನೆಂದು ತಾನಾಗಿ ಹೇಳುವುದು ಅಪರೂಪ.

ಕೊನೆಯದಾಗಿ ನಿಮ್ಮ ಉದ್ಯೋಗ ಪುಟದವರಲ್ಲಿ ಒಂದು ಮನವಿ. ಮುಂದಿನ ಸಲ ಈ ವೃತ್ತಿಯ ಬಗ್ಗೆ ಬರೆಯುವಾಗ, ತರಬೇತಿ ಸಂಸ್ಥೆಗಳ ಮುಖ್ಯಸ್ಥರನ್ನು ಮಾತನಾಡಿಸುವುದರ ಜೊತೆಗೆ, ಯಾವುದಾದರೂ ಒಂದು ಡಿಪೊಗೆ ತಿಂಗಳ ಇಪ್ಪತ್ತೆಂಟನೆಯ ತಾರೀಖು ಸಂಜೆ ಹೋಗಿ, ಅಲ್ಲಿನ ಗುಮಾಸ್ತರ ಬಳಿ ಅರ್ಧ ಗಂಟೆ ಕೂತು ಬರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಹುಬ್ಬಳ್ಳಿ