ಮಗಳಿಗೊಂದು ಪತ್ರ: ಬೆಲೆ ಹೇಳದ ಮಾತು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ‘ನನಗೆ ಮಾರ್ಕೆಟ್ ವ್ಯಾಲ್ಯೂನೇ ಇಲ್ಲ ಅಮ್ಮ’ ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಇಂಟರ್‌ವ್ಯೂನಲ್ಲಿ ಕೇಳಿದರಂತೆ, ‘ಈ ಎಂಟು ತಿಂಗಳು ಖಾಲಿ ಇದೆಯಲ್ಲ, ಏನು ಮಾಡ್ತಿದ್ರಿ?’ ಅಂತ. ಅಜ್ಜಿ ಹಾಸಿಗೆ ಹಿಡಿದ ತಿಂಗಳುಗಳು ಅವು. ಅದನ್ನು ಹೇಳೋಕೂ ನಿನಗೆ ನಾಚಿಕೆ ಆಯಿತು ಅಂದೆ. ನನಗೆ ತಡೆಯಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನುಷ್ಯ ತನ್ನನ್ನೇ ಮಾರುಕಟ್ಟೆಯ ತಕ್ಕಡಿಯಲ್ಲಿ ಇಟ್ಟು ತೂಗಿಕೊಳ್ಳುವುದು ಎಲ್ಲಿಂದ ಬಂತು? ಮುಕ್ತ ಮಾರುಕಟ್ಟೆ ಬೇಕು ಅಂದವರೇ ಇದನ್ನು ಹೇಳಿಕೊಟ್ಟರು ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಓದಿದರೆ ಹಾಗಿಲ್ಲ.

ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಬರೆದ ‘ದ ವೆಲ್ತ್ ಆಫ್ ನೇಷನ್ಸ್’ ಶುರುವಾಗುವುದೇ ಗುಂಡುಸೂಜಿಯಿಂದ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೆಟ್ಟಗೆ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ, ಮಗದೊಬ್ಬ ಮೊನೆ ಮಾಡುತ್ತಾನೆ. ಹೀಗೆ ಹತ್ತು ಜನ ಸೇರಿದರೆ ದಿನಕ್ಕೆ 48,000 ಸೂಜಿ. ಒಬ್ಬೊಬ್ಬರೇ ಕೂತು ಮಾಡಿದ್ದರೆ ತಲಾ 20 ಕೂಡ ಆಗುತ್ತಿರಲಿಲ್ಲ. ಜಗತ್ತು ನೆನಪಿಟ್ಟುಕೊಂಡಿದ್ದು ಈ ಲೆಕ್ಕವನ್ನು. ಆದರೆ ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಸ್ಮಿತ್ ಇಂಥ ಕೆಲಸಗಾರನ ಹತ್ತಿರ ವಾಪಸ್ ಬರುತ್ತಾನೆ. ಜೀವನಪೂರ್ತಿ ಒಂದೆರಡು ಸಣ್ಣ ಕೆಲಸವನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ, ಮನಸ್ಸು ಜಡ್ಡುಗಟ್ಟುತ್ತದೆ, ಸರ್ಕಾರ ಬಡವರ ಮಕ್ಕಳ ಓದಿಗೆ ನೆರವಾಗಬೇಕು ಅನ್ನುತ್ತಾನೆ. ಲಾಭದ ಲೆಕ್ಕ ಬರೆದವನೇ ನಷ್ಟವನ್ನೂ ಬರೆದಿಟ್ಟ. ನಾವು ಮೊದಲ ಪುಟಕ್ಕೇ ನಿಂತುಬಿಟ್ಟೆವು.

ಹಯೆಕ್ ಅಂತ ಇನ್ನೊಬ್ಬ ಅರ್ಥಶಾಸ್ತ್ರಜ್ಞ, ಅವನೂ ಮುಕ್ತ ಮಾರುಕಟ್ಟೆಯ ಪರವೇ. 1945ರ ಒಂದು ಲೇಖನದಲ್ಲಿ ತವರದ ಉದಾಹರಣೆ ಕೊಡುತ್ತಾನೆ. ಎಲ್ಲೋ ಒಂದು ಗಣಿ ನಿಂತುಹೋಗಿರಬಹುದು, ಇಲ್ಲವೇ ತವರಕ್ಕೆ ಹೊಸ ಉಪಯೋಗ ಹುಟ್ಟಿರಬಹುದು. ಯಾವುದು ಅಂತ ಯಾರಿಗೂ ಗೊತ್ತಾಗಬೇಕಿಲ್ಲ. ಬೆಲೆ ಏರುತ್ತದೆ, ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ತವರವನ್ನು ಮಿತವಾಗಿ ಬಳಸೋಕೆ ಶುರುಮಾಡುತ್ತಾರೆ. ಆಜ್ಞೆ ಇಲ್ಲ, ಮೀಟಿಂಗ್ ಇಲ್ಲ. ಇದು ನಿಜಕ್ಕೂ ದೊಡ್ಡ ಒಳನೋಟ, ನಾನು ಮನಸಾರೆ ಒಪ್ಪುತ್ತೇನೆ. ಎಲ್ಲವನ್ನೂ ಒಂದೇ ಕಚೇರಿಯಲ್ಲಿ ಕೂತು ತೀರ್ಮಾನಿಸಲು ಹೋದ ದೇಶಗಳಲ್ಲಿ ಜನ ಎಷ್ಟು ಕ್ಯೂ ನಿಂತರು ಅಂತ ಗೊತ್ತಲ್ವಾ.

ಆದರೆ ಬೆಲೆಗೆ ಕೇಳಿಸುವುದು ದುಡ್ಡು ಇಟ್ಟುಕೊಂಡು ಕೇಳುವವರ ಮಾತು ಮಾತ್ರ. ಅಜ್ಜಿ ರಾತ್ರಿ ‘ಮಗ್ಗುಲು ತಿರುಗಿಸೇ’ ಅಂದದ್ದು ಯಾವ ಮಾರುಕಟ್ಟೆಗೂ ಕೇಳಿಸಲಿಲ್ಲ. ನಿನಗೆ ಕೇಳಿಸಿತು. ಎರಡು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ.

1979ರಲ್ಲಿ ಬ್ರಿಟನ್ನಿನಲ್ಲಿ ಥ್ಯಾಚರ್ ಪ್ರಧಾನಿಯಾಗಿ, 1981ರಲ್ಲಿ ಅಮೆರಿಕದಲ್ಲಿ ರೇಗನ್ ಅಧ್ಯಕ್ಷರಾಗಿ ಬಂದ ಮೇಲೆ ಮುಕ್ತ ಮಾರುಕಟ್ಟೆಯ ಈ ವಿಚಾರ ಸರ್ಕಾರಗಳ ನೀತಿಯೇ ಆಯಿತು. ಆಮೇಲೆ ನಿಧಾನವಾಗಿ ನಮ್ಮ ಮಾತಿನೊಳಗೂ ಇಳಿಯಿತು. ತೆರಿಗೆ, ಆಮದು ಇವುಗಳ ಬಗ್ಗೆ ಜಗಳವಾಡಬಹುದು, ಆಡಲಿ. ನನಗೆ ನೋವಾಗುವುದು ಅದು ನಿನ್ನ ಬಾಯಲ್ಲಿ, ನಿನ್ನ ಬಗ್ಗೆಯೇ ಬಂದಾಗ.

ಇದನ್ನೂ ಕೇಳು. ಅದೇ ಹಯೆಕ್ 1960ರಲ್ಲಿ ಬರೆದ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ: ಮಾರುಕಟ್ಟೆ ಕೊಡುವ ಪ್ರತಿಫಲ ಬೇರೆ, ಮನುಷ್ಯನ ಯೋಗ್ಯತೆ ಬೇರೆ. ಸಂಬಳ ನೋಡಿ ಯೋಗ್ಯತೆ ಅಳೆಯಬೇಡಿ ಅಂತ ಮಾರುಕಟ್ಟೆಯ ಪರ ಅಷ್ಟು ವಾದ ಮಾಡಿದವನೇ ಅಂದ ಮೇಲೆ, ನೀನ್ಯಾಕೆ ಕಂದ ಅಳೆದುಕೊಳ್ಳುತ್ತೀಯ?

ಮುಂದಿನ ಸಲ ಆ ಎಂಟು ತಿಂಗಳ ಬಗ್ಗೆ ಕೇಳಿದರೆ ತಲೆ ತಗ್ಗಿಸಬೇಡ. ಅಜ್ಜಿಯನ್ನು ನೋಡಿಕೊಂಡೆ ಅಂತ ಹೇಳು. ಕೊನೇವರೆಗೂ ಅವರ ಬೆನ್ನ ಮೇಲೆ ಒಂದು ಹುಣ್ಣೂ ಏಳಲಿಲ್ಲ, ಅದನ್ನೂ ಹೇಳು.

ನಿನ್ನ,
ಅಮ್ಮ