ಮಂಜಿನಲ್ಲಿ ರಬ್ಬರ್ ಡಾಂಬರು ಹಾಕಬೇಡಿ

ಮಾನ್ಯ ಸಂಪಾದಕರೇ,

ಮೂಡಿಗೆರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪಂಕ್ಚರ್ ಅಂಗಡಿ ನಡೆಸುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಅಂಗಡಿಯ ಮುಂದಿನ ರಸ್ತೆಗೆ ರಬ್ಬರ್ ಬೆರೆಸಿದ ಡಾಂಬರು ಹಾಕಿದರು. ಸವೆದ ಟೈರಿನ ಪುಡಿಗೂ ಒಂದು ಗತಿ ಸಿಕ್ಕಿತಲ್ಲ ಎಂದು ಬಹಳ ಸಂತೋಷಪಟ್ಟಿದ್ದೆ. ಆರಿದ್ರಾ ಮಳೆ ಹಿಡಿದ ವಾರಕ್ಕೆಲ್ಲ ಅದು ಚಕ್ಕೆ ಚಕ್ಕೆಯಾಗಿ ಎದ್ದುಬಂತು. ರಬ್ಬರ್ ಡಾಂಬರು ಮಲೆನಾಡಿಗೆ ಆಗಿಬರುವುದಿಲ್ಲ ಎಂದು ಈಗ ಊರೆಲ್ಲ ಮಾತು. ನಾನು ಒಪ್ಪುವುದಿಲ್ಲ.

ಸ್ವೀಡನ್ನಿನಲ್ಲಿ 1960ರ ದಶಕದಲ್ಲೇ ಜಲ್ಲಿಯ ಜೊತೆ ರಬ್ಬರ್ ಚೂರು ಬೆರೆಸಿ ರಸ್ತೆ ಮಾಡಿದರು. ಹಿಮ ಬೀಳುವ ಅಲಾಸ್ಕಾದಲ್ಲಿ 1979ರಿಂದ ಅದನ್ನು ಹಾಕಿ ನೋಡಿದರು. ಬರೀ ಡಾಂಬರು ಕಡುಚಳಿಗೆ ಪೆಡಸಾಗಿ, ಕುಗ್ಗಿ, ಬಿರುಕು ಬಿಡುತ್ತದೆ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ರಸ್ತೆ ಒಡೆಯುತ್ತದೆ. ರಬ್ಬರ್ ಸೇರಿದರೆ ಚಳಿಯಲ್ಲೂ ಡಾಂಬರು ಸ್ವಲ್ಪ ಬಾಗಿಕೊಳ್ಳುತ್ತದೆ. ಆದರೆ ಅಂಥ ಚಳಿನಾಡಿನವರು ಡಾಂಬರು ಹಾಕುವುದು ಬೇಸಿಗೆಯಲ್ಲಿ.

ನಮ್ಮಲ್ಲಿ ಬೆಳಿಗ್ಗೆ ಏಳಕ್ಕೇ ಕೆಲಸ ಶುರುವಾಗಿತ್ತು. ಎದುರು ತೋಟದ ಸಿಲ್ವರ್ ಓಕ್ ಮರಗಳೇ ಕಾಣದಷ್ಟು ಮಂಜು. ಎಲೆಗಳಿಂದ ತೊಟ್ಟಿಕ್ಕಿದ ಹನಿಗೆ ಹಳೆಯ ರಸ್ತೆ ಒದ್ದೆಯಾಗಿ ಕರ್ರಗೆ ಹೊಳೆಯುತ್ತಿತ್ತು. ಟಿಪ್ಪರ್ ಮೇಲೆ ತಾಡಪಾಲು ಹೊದಿಸಿರಲಿಲ್ಲ, ಮುಕ್ಕಾಲು ಗಂಟೆ ಹಾಗೆಯೇ ನಿಂತಿತ್ತು. ಸುರಿದಾಗ ಉಂಡೆಗಟ್ಟಿದ್ದ ಮಾಲನ್ನು ಕೂಲಿಯವರು ಹಾರೆಯಿಂದ ಕುಟ್ಟಿ ಒಡೆಯುತ್ತಿದ್ದರು.

ಮಾಮೂಲಿ ಡಾಂಬರಿಗಿಂತ ರಬ್ಬರ್ ಡಾಂಬರು ಮಂದ. ಹೆಚ್ಚು ಬಿಸಿಯಿರುವಾಗಲೇ ಹರಡಿ ರೋಲರ್ ಓಡಿಸಬೇಕು. ಆರಿದ ಮೇಲೆ ಎಷ್ಟು ಉರುಳಿಸಿದರೂ ಒಳಗೆ ಸಂದು ಉಳಿಯುತ್ತದೆ, ಮಳೆನೀರು ಅಲ್ಲಿಗೇ ಇಳಿಯುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮವೇ ಇದೆ: ಮಂಜು ಕವಿದಾಗ, ನೆಲ ಒದ್ದೆಯಿದ್ದಾಗ ಡಾಂಬರು ಹಾಕಕೂಡದು, ಮಾಮೂಲಿ ಡಾಂಬರಿಗೆ 10 ಡಿಗ್ರಿ, ರಬ್ಬರಿನಂಥದ್ದು ಬೆರೆಸಿದ ಡಾಂಬರಿಗೆ 15 ಡಿಗ್ರಿಗಿಂತ ತಾಪ ಕೆಳಗಿದ್ದರೆ ಕೆಲಸ ನಿಲ್ಲಿಸಬೇಕು. ಟ್ಯೂಬಿನ ಮೇಲೆ ಒಂದು ಹನಿ ನೀರಿದ್ದರೂ ನಾನು ಪ್ಯಾಚ್ ಹಚ್ಚುವುದಿಲ್ಲ. ಒರೆಸಿ, ಉಜ್ಜಿ, ಒಣಗಿಸಿದ ಮೇಲೆಯೇ ಸಲ್ಯೂಷನ್. ಹತ್ತಾರು ಟನ್ ಲಾರಿ ಓಡುವ ರಸ್ತೆಗೆ ಅಷ್ಟು ಕಾಳಜಿಯೂ ಬೇಡವೇ?

ಈ ಚಳಿಗಾಲದಲ್ಲಿ ಅದೇ ರಸ್ತೆಗೆ ಮತ್ತೆ ಡಾಂಬರು ಬರಲಿದೆಯಂತೆ. ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ: ಬಿಸಿಲೇರಿ ನೆಲ ಒಣಗಿದ ಮೇಲೆ, ಹನ್ನೊಂದರ ನಂತರ ಕೆಲಸ ಶುರುಮಾಡಿಸಿ. ಪ್ರತಿ ಟಿಪ್ಪರಿನ ಮಾಲಿನ ಬಿಸಿಯನ್ನು ಸ್ಥಳದಲ್ಲೇ ಅಳೆದು ಬರೆದಿಡಿಸಿ. ಅದಕ್ಕೂ ಮೊದಲು ಪಕ್ಕದ ಚರಂಡಿಯ ಹೂಳು ತೆಗೆಸಿ. ಈಗ ತೋಟದ ನೀರೆಲ್ಲ ರಸ್ತೆಯ ಮೇಲೆಯೇ ಹರಿಯುತ್ತಿದೆ.

— ಟೈರ್ ಅಂಗಡಿಯವ, ಮೂಡಿಗೆರೆ